ಸಿಡುಬಿನ ಗುಟ್ಟನ್ನು ಅರಸಿದ ವೈದ್ಯ ಅಬೂ ಬಕ್ರ್ ಅರ್‌ರಾಝಿ



ಪಾದಕ್ಕೆ ಮುಳ್ಳು ಚುಚ್ಚಿ ಕೀವು ತುಂಬಿದಾಗ ತೊಡೆಸಂದಿನಲ್ಲಿ ಒಂದು ಗಂಟು ಮೂಡಿ ನೋಯುವುದನ್ನು ನೀವು ಅನುಭವಿಸಿರಬಹುದು. ಗಾಯ ಒಂದೆಡೆ, ಗಂಟು ಇನ್ನೊಂದೆಡೆ! ಇದೇಕೆಂದು ಎಂದಾದರೂ ಚಿಂತಿಸಿದ್ದೀರಾ? ಒಮ್ಮೆ ದಡಾರ ಬಂದು ಹೋದ ಮಗುವಿಗೆ ಸಾಮಾನ್ಯವಾಗಿ ಅದು ಮತ್ತೆ ಬರುವುದಿಲ್ಲ. ಇದೂ ನಿಮಗೆ ತಿಳಿದದ್ದೇ. ಆದರೆ ಇದಕ್ಕೆ ಕಾರಣವೇನೆಂದು ಕೇಳುವವರು ಕಡಿಮೆ. ಸುಮಾರು 1100 ವರ್ಷಗಳ ಹಿಂದೆ ಇಂತಹದೇ ಪ್ರಶ್ನೆಯನ್ನು ಸಿಡುಬಿನ ಕುರಿತು ಕೇಳಿದ ಒಬ್ಬ ವೈದ್ಯರ ಬದುಕನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಅಬೂ ಬಕ್ರ್ ಮುಹಮ್ಮದ್ ಬಿನ್ ಝಕರಿಯ್ಯಾ ಅರ್‌ರಾಝಿಯವರು ಇಂದಿನ ತೆಹರಾನಿನ ಬಳಿಯಲ್ಲಿದ್ದ ರಯ್ ಪಟ್ಟಣದವರು. ಅಲ್ ಬೀರೂನಿಯವರ ಪ್ರಕಾರ ಹಿಜ್ರಿ 251ರಲ್ಲಿ, ಅಂದರೆ ಕ್ರಿ.ಶ. 865ರಲ್ಲಿ ಜನಿಸಿದರು. ಮೊದಲು ಅವರ ಮನಸ್ಸು ರಸವಿದ್ಯೆಯ ಕಡೆಗಿತ್ತು. ವೈದ್ಯಶಾಸ್ತ್ರಕ್ಕೆ ಕಾಲಿಟ್ಟಾಗ ಹರೆಯ ಕಳೆದಿತ್ತು. ಆದರೂ ರಯ್ ಪಟ್ಟಣದ ಆಸ್ಪತ್ರೆಗೂ ಅನಂತರ ಬಗ್ದಾದಿನ ಆಸ್ಪತ್ರೆಗೂ ಮುಖ್ಯಸ್ಥರಾದರು. ಕಲಿಕೆಗೆ ವಯಸ್ಸು ಮೀರಿತೆಂದು ಕೈಚೆಲ್ಲುವವರು ಇದನ್ನು ಗಮನಿಸಬೇಕು.

ಆಸ್ಪತ್ರೆಯಲ್ಲಿ ಅವರ ಸುತ್ತ ಶಿಷ್ಯರು, ಶಿಷ್ಯರ ಶಿಷ್ಯರು ಸಾಲುಸಾಲಾಗಿ ಕುಳಿತಿರುತ್ತಿದ್ದರು. ಬಂದ ರೋಗಿಯನ್ನು ಮೊದಲು ಹೊರಸಾಲಿನವರು ವಿಚಾರಿಸುವರು. ಅವರಿಗೆ ತಿಳಿಯದಿದ್ದರೆ ಒಳಸಾಲಿನವರು. ಅವರಿಗೂ ತಿಳಿಯದಿದ್ದರೆ ಸ್ವತಃ ಗುರುಗಳು. ಬಡರೋಗಿಗಳ ಮೇಲೆ ಅವರಿಗೆ ವಿಶೇಷ ಅನುಕಂಪ. ಔಷಧ ಕೊಟ್ಟು ಕಳುಹಿಸಿದರೆ ಸಾಲದೆಂದು ಅವರ ಹೊಟ್ಟೆಪಾಡಿಗೂ ನೆರವಾಗುತ್ತಿದ್ದರೆಂದು ಇಬ್ನು ನದೀಮ್ ದಾಖಲಿಸಿದ್ದಾರೆ. ಹತ್ತಿರದಲ್ಲಿ ವೈದ್ಯರಿಲ್ಲದವರಿಗಾಗಿ ಅವರು ಒಂದು ಪ್ರತ್ಯೇಕ ಗ್ರಂಥವನ್ನೇ ಬರೆದರು.

ಅವರ ಗುಣಗಳಲ್ಲಿ ನನ್ನನ್ನು ಹೆಚ್ಚು ಸೆಳೆದುದು ಪ್ರಾಮಾಣಿಕತೆ. ಒಬ್ಬ ರೋಗಿಗೆ ಆಗಾಗ ಚಳಿಜ್ವರ ಬರುತ್ತಿತ್ತು. ಅದು ಸರದಿ ಜ್ವರವೋ, ಮೂತ್ರಪಿಂಡದ ಹುಣ್ಣೋ ಎಂದು ಅರ್‌ರಾಝಿಯವರು ಶಂಕಿಸಿದರು. ಕೆಲಕಾಲದ ಬಳಿಕ ಮೂತ್ರದಲ್ಲಿ ಕೀವು ಬಂದಾಗ ಮೂತ್ರಪಿಂಡದ ರೋಗವೇ ಎಂದು ಖಚಿತವಾಯಿತು. ತಾವು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳದೆ ಬಿಟ್ಟೆವೆಂದು ಅವರು ತಮ್ಮ ಟಿಪ್ಪಣಿಯಲ್ಲಿಯೇ ಬರೆದಿಟ್ಟರು. ಸೋಚಿಸಿರಿ, ದೊಡ್ಡ ಆಸ್ಪತ್ರೆಯ ಮುಖ್ಯಸ್ಥ ತನ್ನ ತಪ್ಪನ್ನು ತಾನೇ ಬರೆದಿಡುವುದು ಸಣ್ಣ ಮಾತೇ? ಜ್ಞಾನವು ಅಮಾನತ್ ಆಗಿದೆ. ಅದರಲ್ಲಿ ತಪ್ಪನ್ನು ಮುಚ್ಚಿಡುವುದು ಅಮಾನತ್ತಿಗೆ ಮಾಡುವ ದ್ರೋಹ. ಗ್ರೀಕ್ ವೈದ್ಯ ಗ್ಯಾಲೆನ್‌ನನ್ನು ಅವರು ಗುರುವಿನಂತೆ ಗೌರವಿಸಿದರು. ಆದರೆ ಅವನ ಮಾತು ಕಂಡ ಸತ್ಯಕ್ಕೆ ಹೊಂದದಿದ್ದಲ್ಲಿ ಸಂದೇಹ ವ್ಯಕ್ತಪಡಿಸಲು ಹಿಂಜರಿಯಲಿಲ್ಲ. ಹಿರಿಯರು ಹೇಳಿದರೆಂಬ ಒಂದೇ ಕಾರಣಕ್ಕೆ ಅವರು ಯಾವುದನ್ನೂ ಒಪ್ಪುತ್ತಿರಲಿಲ್ಲ.

ಇದೇ ಕಣ್ಣಿನಿಂದ ಅವರು ಸಿಡುಬನ್ನೂ ದಡಾರವನ್ನೂ ನೋಡಿದರು. ಈ ವಿಷಯಕ್ಕೆ ಮೀಸಲಾಗಿ ಉಳಿದುಬಂದಿರುವ ಅತಿ ಹಳೆಯ ಗ್ರಂಥ ಅವರದೇ. ಸಿಡುಬಿನಲ್ಲಿ ಬೆನ್ನುನೋವು ಹೆಚ್ಚು, ದಡಾರದಲ್ಲಿ ತಳಮಳ ಮತ್ತು ವಾಕರಿಕೆ ಹೆಚ್ಚು ಎಂದು ಅವರು ಬೇರ್ಪಡಿಸಿ ತೋರಿಸಿದರು. ಸಿಡುಬು ಬಂದ ಮಗುವಿನ ಕಣ್ಣನ್ನು ಕಾಪಾಡುವ ಬಗೆಯನ್ನು ವಿವರಿಸಿದರು. ಏಕೆಂದರೆ ಸಿಡುಬು ಜೀವ ಉಳಿಸಿದರೂ ಅನೇಕರ ಕಣ್ಣನ್ನು ಕಸಿದುಕೊಳ್ಳುತ್ತಿತ್ತು.

ಈ ರೋಗ ಬಾಲ್ಯದಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಬಂದು, ಮುದುಕರಿಗೆ ಅಪರೂಪವಾಗುವುದೇಕೆ? ಮಕ್ಕಳ ರಕ್ತವು ಆಗ ತಾನೇ ಹಿಂಡಿದ ದ್ರಾಕ್ಷಿರಸದಂತೆ, ಅದು ಒಮ್ಮೆ ಹುದುಗಿ ಉಕ್ಕಿ ಪಕ್ವವಾದ ಮೇಲೆ ಮತ್ತೆ ಹಾಗೆ ಉಕ್ಕುವುದಿಲ್ಲ ಎಂಬುದು ಅವರ ವಿವರಣೆ. ಈ ವಿವರಣೆ ಸರಿಯಲ್ಲವೆಂದು ಇಂದು ನಮಗೆ ತಿಳಿದಿದೆ. ಆದರೆ ಅವರು ಕಂಡದ್ದು ಸತ್ಯವಾಗಿತ್ತು. ರೋಗವು ಹೋಗುವಾಗ ದೇಹದಲ್ಲಿ ಒಂದು ಬದಲಾವಣೆಯನ್ನು ಉಳಿಸಿ ಹೋಗುತ್ತದೆ. ರೋಗದಿಂದ ಗಳಿಸಿದ ನಿರೋಧ ಶಕ್ತಿಯನ್ನು ವಿವರಿಸಲು ನಡೆದ ಮೊದಲ ಪ್ರಯತ್ನಗಳಲ್ಲಿ ಇದನ್ನು ಎಣಿಸಲಾಗುತ್ತದೆ.

ಅವರಿಗೆ ಕಾಣದಿದ್ದುದನ್ನು ಅಲ್ಲಾಹನು ಅನಂತರದವರಿಗೆ ಸೂಕ್ಷ್ಮದರ್ಶಕದ ಮೂಲಕ ತೋರಿಸಿಕೊಟ್ಟನು. ರಕ್ತನಾಳಗಳಂತೆಯೇ ನಮ್ಮ ದೇಹದಲ್ಲಿ ದುಗ್ಧರಸದ ನಾಳಗಳೂ ಹರಡಿಕೊಂಡಿವೆ. ಅಂಗಾಂಶಗಳಲ್ಲಿ ಒಸರಿದ ದ್ರವವನ್ನು ಅವು ಒಟ್ಟುಗೂಡಿಸಿ, ಕತ್ತಿನ ಬುಡದಲ್ಲಿ ಮರಳಿ ರಕ್ತಕ್ಕೆ ಸೇರಿಸುತ್ತವೆ. ದಾರಿಯುದ್ದಕ್ಕೂ ಕಾವಲುಕಟ್ಟೆಗಳಂತೆ ಸುಮಾರು 600 ದುಗ್ಧರಸ ಗ್ರಂಥಿಗಳಿವೆ. ಕತ್ತು, ಕಂಕುಳು, ತೊಡೆಸಂದುಗಳಲ್ಲಿ ಅವು ಗುಂಪುಗೂಡಿವೆ. ಪಾದದ ಗಾಯದಿಂದ ನುಗ್ಗಿದ ರೋಗಾಣುವನ್ನು ತಡೆದು ಹೋರಾಡುವಾಗ ಊದಿಕೊಳ್ಳುವುದು ಈ ಗ್ರಂಥಿಯೇ. ನಿಮಗೆ ನೋವೆನಿಸಿದ ಆ ಗಂಟು ನಿಮ್ಮ ಕಾವಲುಗಾರನಾಗಿತ್ತು!

ಅಲ್ಲಿ ಕಾದಾಡುವ ಬಿಳಿ ರಕ್ತಕಣಗಳಲ್ಲಿ ಕೆಲವು ಮೂಳೆಯ ಮಜ್ಜೆಯಲ್ಲಿ ಬಲಿಯುತ್ತವೆ. ಇನ್ನು ಕೆಲವು ಎದೆಗೂಡಿನ ಥೈಮಸ್ ಗ್ರಂಥಿಯಲ್ಲಿ ತರಬೇತಿ ಪಡೆಯುತ್ತವೆ. ತನ್ನದಾವುದು, ಪರಕೀಯವಾವುದು ಎಂದು ಅರಿಯುವುದೇ ಆ ತರಬೇತಿ. ಯುದ್ಧ ಮುಗಿದ ಮೇಲೆ ಹೆಚ್ಚಿನವು ಸಾಯುತ್ತವೆ. ಆದರೆ ಶತ್ರುವಿನ ಗುರುತನ್ನು ನೆನಪಿಟ್ಟುಕೊಂಡ ಕೆಲವು ವರ್ಷಗಟ್ಟಲೆ ಉಳಿಯುತ್ತವೆ. ಅದೇ ಶತ್ರು ಮತ್ತೆ ಬಂದರೆ ಅವು ಬೇಗನೆ ಎದ್ದು ನಿಲ್ಲುತ್ತವೆ. ಅರ್‌ರಾಝಿಯವರು ಅರಸುತ್ತಿದ್ದ ಗುಟ್ಟು ಈ ನೆನಪೇ ಆಗಿತ್ತು. ನಾವು ಮರೆಯುತ್ತೇವೆ, ಆದರೆ ನಮ್ಮೊಳಗಿನ ಕಣವೊಂದು ಮರೆಯದಂತೆ ಸೃಷ್ಟಿಕರ್ತನು ಮಾಡಿದ್ದಾನೆ.

ಈ ನೆನಪನ್ನು ರೋಗವಿಲ್ಲದೆಯೇ ಮೂಡಿಸುವುದು ಲಸಿಕೆಯ ಕೆಲಸ. 1796ರಲ್ಲಿ ಎಡ್ವರ್ಡ್ ಜೆನ್ನರ್ ಗೋಸಿಡುಬಿನಿಂದ ಇದನ್ನು ಸಾಧಿಸಿ ತೋರಿಸಿದರು. ಸಹಜವಾಗಿ ಹರಡಿದ ಸಿಡುಬಿನ ಕೊನೆಯ ಪ್ರಕರಣ 1977ರಲ್ಲಿ ಸೋಮಾಲಿಯಾದಲ್ಲಿ ಕಂಡುಬಂತು. 1980ರಲ್ಲಿ ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಇಲ್ಲಿ ಒಂದು ವಿಷಯವನ್ನು ಮರೆಮಾಚಬಾರದು. ಪ್ರವಾದಿತ್ವದ ಕುರಿತು ಅರ್‌ರಾಝಿಯವರದೆನ್ನಲಾದ ಕೆಲವು ವಿಚಾರಗಳು ನಮಗೆ ಒಪ್ಪಿಗೆಯಾಗುವಂಥವಲ್ಲ. ಅವು ಬಹುಮಟ್ಟಿಗೆ ಅವರ ವಿರೋಧಿಗಳ ಗ್ರಂಥಗಳ ಮೂಲಕವೇ ನಮಗೆ ತಲುಪಿವೆ. ಅಲ್ ಬೀರೂನಿಯವರೂ ಅವರ ಧಾರ್ಮಿಕ ವಿಚಾರಗಳನ್ನು ಕಟುವಾಗಿ ಟೀಕಿಸಿದರು. ಆದರೆ ಅದೇ ಅಲ್ ಬೀರೂನಿಯವರು ಶ್ರಮವಹಿಸಿ ಅರ್‌ರಾಝಿಯವರ 184 ಕೃತಿಗಳ ಪಟ್ಟಿಯನ್ನು ಸಿದ್ಧಪಡಿಸಿದರು. ನ್ಯಾಯವೆಂದರೆ ಇದು. ಒಬ್ಬರ ಒಂದು ಮಾತನ್ನು ತಿರಸ್ಕರಿಸಿದ ಮಾತ್ರಕ್ಕೆ ಅವರಿಂದಾದ ಒಳಿತನ್ನು ಅಳಿಸಿಹಾಕುವ ಹಕ್ಕು ನಮಗಿಲ್ಲ. ಅವರ ಅಂತರಂಗದ ಲೆಕ್ಕ ಅಲ್ಲಾಹನ ಬಳಿಯಿದೆ.

ತಮ್ಮ ಮಹಾಸಂಗ್ರಹಕ್ಕಾಗಿ ಅವರು 15 ವರ್ಷ ಹಗಲಿರುಳು ದುಡಿದರು. ಕಣ್ಣು ಮಂಜಾಯಿತು, ಕೈ ಸೋತಿತು. ಆಗಲೂ ಬೇರೆಯವರಿಂದ ಓದಿಸಿ, ಬರೆಯಿಸಿ ಮುಂದುವರಿದರು. ಕೊನೆಗೆ ಪೂರ್ತಿ ಕುರುಡರಾದರು. ಅಲ್ ಬೀರೂನಿಯವರ ಪ್ರಕಾರ 925ರಲ್ಲಿ ರಯ್ ಪಟ್ಟಣದಲ್ಲಿಯೇ ನಿಧನರಾದರು. ಅವರ ಟಿಪ್ಪಣಿಗಳನ್ನು ಒಟ್ಟುಗೂಡಿಸಿದ ಬೃಹತ್ ಗ್ರಂಥ ಅಲ್ ಹಾವಿ 1279ರಲ್ಲಿ ಲ್ಯಾಟಿನಿಗೆ ಅನುವಾದವಾಯಿತು. ಅದರ ಅರಬಿ ಮೂಲವನ್ನು 20ನೇ ಶತಮಾನದಲ್ಲಿ ಸಂಪುಟ ಸಂಪುಟವಾಗಿ ಮುದ್ರಿಸಿದ್ದು ನಮ್ಮ ನೆರೆಯ ಹೈದರಾಬಾದಿನ ದಾಇರತುಲ್ ಮಆರಿಫ್ ಸಂಸ್ಥೆ.

ಓದುಗರೇ, ಸಿಡುಬು ಅಳಿಯಿತು. ಆದರೆ ಅರ್‌ರಾಝಿಯವರು ಅದರ ಜೊತೆಗೆ ಬಣ್ಣಿಸಿದ ದಡಾರ ಇನ್ನೂ ಅಳಿದಿಲ್ಲ. ನಮ್ಮ ದೇಶದಲ್ಲಿ ಮಗುವಿಗೆ 9 ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ಅದರ ಲಸಿಕೆ ಕೊಡಲಾಗುತ್ತದೆ. ಯಾರದೋ ಗಾಳಿಮಾತಿಗೆ ಕಿವಿಗೊಟ್ಟು ಅದನ್ನು ತಪ್ಪಿಸುವುದು ತವಕ್ಕುಲ್ ಅಲ್ಲ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿಯವರು(ಸ) ಕಲಿಸಿಕೊಟ್ಟಿದ್ದಾರಲ್ಲವೇ? ನಿಮ್ಮ ಮಗುವಿನ ಮೈಯಲ್ಲಿ ಅಲ್ಲಾಹನಿಟ್ಟಿರುವ ಕಾವಲುಗಾರರಿಗೆ ಶತ್ರುವಿನ ಗುರುತನ್ನು ತಿಳಿಸಿಕೊಡುವುದು ನಿಮ್ಮ ಹೊಣೆ. ಆ ಮಗು ನಿಮ್ಮ ಕೈಯಲ್ಲಿರುವ ಅಮಾನತ್. ಅದರ ಕುರಿತು ನಾಳೆ ನಿಮ್ಮನ್ನು ಕೇಳಲಾಗುವುದು.