ಖಾನಸಾಹೇಬ ಅಬ್ದುಲ್ ಕರೀಮರೂ ಮಿರಜಿನ ತಂಬೂರಿಯೂ

ಸದಾಶಿವ ಪೇಠೆಯ ನಮ್ಮ ವಾಚಕರಿಗೆ ತಂಬೂರಿಯ ನಾದವು ಹೊಸದಲ್ಲ. ಇದೇ ಪೇಠೆಯ ರೇಣುಕಾಸ್ವರೂಪ ಶಾಲೆಯ ಪಟಾಂಗಣದಲ್ಲಿ ಸವಾಯಿ ಗಂಧರ್ವ ಸಂಗೀತೋತ್ಸವವು ಅನೇಕ ವರ್ಷಗಳ ಕಾಲ ಜರುಗಿತು. ಹೊಟೇಲಿನ ಬಾಗಿಲು ಹಾಕಿದ ಮೇಲೆ ಅಲ್ಲಿಗೆ ಹೋಗಿ ಬೆಳಗಾಗುವ ತನಕ ಕುಳಿತು ಕೇಳಿದವರು ನಮ್ಮವರಲ್ಲಿಯೂ ಉಂಟು. ಆದರೆ ಗಾಯಕನ ಹಿಂದೆ ಕುಳಿತ ಶಿಷ್ಯನ ಕೈಯಲ್ಲಿಯ ನಾಲ್ಕು ತಂತಿಯ ವಾದ್ಯದ ಕಡೆಗೆ ಎಷ್ಟು ಜನರ ಲಕ್ಷ್ಯವು ಹೋಗುತ್ತದೆ? ಹೊಗಳಿಕೆಯೆಲ್ಲ ಗಾಯಕನಿಗೆ, ತಂಬೂರಿಗೆ ಚಪ್ಪಾಳೆಯಿಲ್ಲ. ಆ ಮೂಕಸೇವೆಯ ವಾದ್ಯದ ಬೆಲೆಯನ್ನು ಚೆನ್ನಾಗಿ ಅರಿತಿದ್ದ ಒಬ್ಬ ಮಹನೀಯರ ಚರಿತ್ರೆಯನ್ನು ಇಂದು ಸಂಕ್ಷೇಪವಾಗಿ ಹೇಳುತ್ತೇವೆ.

ಉಸ್ತಾದ ಅಬ್ದುಲ್ ಕರೀಮ ಖಾನರು ೧೮೭೨ನೆಯ ಇಸವಿಯಲ್ಲಿ ಉತ್ತರ ಹಿಂದುಸ್ತಾನದ ಕೈರಾಣಾ ಎಂಬ ಊರಿನಲ್ಲಿ ಜನಿಸಿದರು. ಕಿರಾಣಾ ಘರಾಣೆಗೆ ಆ ಊರಿನಿಂದಲೇ ಹೆಸರು ಬಂದಿತು. ತಂದೆ ಕಾಲೇ ಖಾನರಿಂದಲೂ ಚಿಕ್ಕಪ್ಪ ಅಬ್ದುಲ್ಲಾ ಖಾನರಿಂದಲೂ ಅವರಿಗೆ ಶಿಕ್ಷಣ ದೊರೆಯಿತು. ಹಾಡುಗಾರಿಕೆಯ ಜೊತೆಗೆ ಸಾರಂಗಿಯೂ ವೀಣೆಯೂ ಕೈವಶವಾದವು. ತರುಣರಾಗಿರುವಾಗಲೇ ಅವರು ಬಡೋದೆಯ ದರ್ಬಾರದಲ್ಲಿ ಮಾನ್ಯತೆ ಪಡೆದರು. ಅಲ್ಲಿ ರಾಜಮನೆತನದ ಸಂಬಂಧಿಯಾದ ತಾರಾಬಾಯಿ ಮಾನೆಯವರಲ್ಲಿ ಅನುರಾಗ ಬೆಳೆದುದರಿಂದ, ಇಬ್ಬರೂ ಬಡೋದೆಯನ್ನು ತೊರೆಯಬೇಕಾಯಿತು. ಮುಂಬಯಿಯ ಮಾರ್ಗವಾಗಿ ಬಂದ ಅವರಿಗೆ ಕೃಷ್ಣಾತೀರದ ಮಿರಜು ಆಶ್ರಯವಿತ್ತಿತು. ಮುಂದೆ ಕೀರ್ತಿವಂತರಾದ ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ, ಸರಸ್ವತೀ ರಾಣೆ ಇವರೆಲ್ಲ ಈ ದಂಪತಿಗಳ ಮಕ್ಕಳು.

ಮಿರಜಿಗೂ ವಾದ್ಯಗಳಿಗೂ ಇರುವ ನಂಟು ಖಾನಸಾಹೇಬರಿಗಿಂತ ಹಳೆಯದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಸಂಸ್ಥಾನಗಳ ಕತ್ತಿಗಳು ಒರೆಯಲ್ಲಿಯೇ ಉಳಿಯತೊಡಗಿದಾಗ, ಅವುಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರ ಉಪಜೀವನಕ್ಕೆ ಕುತ್ತು ಬಂದಿತು. ಆ ಕುಲದ ಫರೀದಸಾಹೇಬರು ಮಿರಜಿನ ಪಟವರ್ಧನ ಅರಸರ ಪ್ರೋತ್ಸಾಹದಿಂದ ಸಿತಾರ, ತಂಬೂರಿಗಳ ತಯಾರಿಕೆಗೆ ಕೈಹಾಕಿದರು. ಕತ್ತಿಯನ್ನು ಹದಗೊಳಿಸಿದ ಕೈ ನಾದವನ್ನು ಹದಗೊಳಿಸಲು ಕಲಿಯಿತು. ಭೀಮಾತೀರದ ಪಂಢರಪುರದ ಕಡೆಯಿಂದ ದೊಡ್ಡ ಸೋರೆಬುರುಡೆಗಳನ್ನು ತರಿಸಿ, ಒಣಗಿಸಿ, ಕೊರೆದು, ಮರದ ದಂಡಿಯನ್ನು ಜೋಡಿಸುವ ಈ ಉದ್ಯೋಗವು ತಂದೆಯಿಂದ ಮಗನಿಗೆ ಇಳಿದು ಬಂದಿದೆ.

ಖಾನಸಾಹೇಬರು ವಾದ್ಯಗಳನ್ನು ಸ್ವಹಸ್ತದಿಂದ ದುರಸ್ತಿ ಮಾಡಬಲ್ಲವರಾಗಿದ್ದರು. ತಂಬೂರಿಯ ಜೀವವಿರುವುದು ಅದರ ಕುದುರೆಯಲ್ಲಿ. ಕುದುರೆಯ ಮೈಯನ್ನು ಬಹು ಸೂಕ್ಷ್ಮವಾಗಿ ಉಜ್ಜಿ ಇಳಿಜಾರು ಮಾಡಬೇಕು. ತಂತಿಯ ಕೆಳಗೆ ನೂಲಿನ ಎಳೆಯೊಂದನ್ನು ಸೇರಿಸಿ, ಕೂದಲಿನಷ್ಟು ಹಿಂದೆ ಮುಂದೆ ಸರಿಸಬೇಕು. ಆಗ ಒಂದೇ ತಂತಿಯೊಳಗಿಂದ ಹಲವು ಸ್ವರಗಳು ಹೊಮ್ಮುತ್ತವೆ. ಇದಕ್ಕೆ ಜವಾರಿ ಎನ್ನುತ್ತಾರೆ. ಮೊದಲನೆಯ ತಂತಿಯನ್ನು ಪಂಚಮಕ್ಕೆ ಬದಲಾಗಿ ನಿಷಾದಕ್ಕೆ ಕೂಡಿಸುವ ಪದ್ಧತಿಯು ಕಿರಾಣಾ ಗಾಯಕರಿಗೆ ಪ್ರಿಯವಾದುದು. ಖಾನಸಾಹೇಬರ ಆಲಾಪವು ತಂಬೂರಿಯ ನಾದದಿಂದಲೇ ಹುಟ್ಟಿ ಅದರಲ್ಲಿಯೇ ಲೀನವಾದಂತೆ ತೋರುವುದರ ಮರ್ಮವು ಇಲ್ಲಿದೆ.

ಹಳೆಯ ತಂಬೂರಿಗಾಗಿ ಗಾಯಕರು ಇಂದಿಗೂ ಹಂಬಲಿಸುವುದೇಕೆಂದು ಕೆಲವರು ಕೇಳಬಹುದು. ಹೊಟೇಲಿನಲ್ಲಿ ದುಡಿದವನಿಗೆ ಇದನ್ನು ತಿಳಿಸುವುದು ಸುಲಭ. ಹತ್ತು ವರ್ಷ ಎಣ್ಣೆ ಕುಡಿದ ದೋಸೆಯ ಕಾವಲಿಯನ್ನು ಯಾವ ಅಡಿಗೆಯವನು ಹೊಸದಕ್ಕೆ ಬದಲು ಕೊಟ್ಟಾನು? ಹಾಗೆಯೇ ಬುರುಡೆಯೂ ಮರವೂ ವರ್ಷಗಳು ಉರುಳಿದಂತೆ ತೇವ ಕಳೆದುಕೊಂಡು ಹಗುರಾಗುತ್ತವೆ. ನಾದವು ತುಂಬಿ ಬರುತ್ತದೆ. ದಪ್ಪ ಸಿಪ್ಪೆಯ, ದುಂಡನೆಯ, ಬಿರುಕಿಲ್ಲದ ಹಳೆಯ ಬುರುಡೆಯು ದೊರೆಯುವುದು ಅಪರೂಪ. ಆದುದರಿಂದಲೇ ಅಂಥ ವಾದ್ಯವನ್ನು ಗಾಯಕನೂ ಬಯಸುತ್ತಾನೆ, ಸಂಗ್ರಾಹಕನೂ ಬಯಸುತ್ತಾನೆ.

ಇನ್ನು ಖಾನಸಾಹೇಬರ ದೊಡ್ಡ ಗುಣವನ್ನು ಹೇಳಬೇಕು. ಆ ಕಾಲದ ಉಸ್ತಾದರು ವಿದ್ಯೆಯನ್ನು ಮನೆತನದ ಆಸ್ತಿಯಂತೆ ಕಾದುಕೊಳ್ಳುತ್ತಿದ್ದರು. ಇವರು ಹಾಗೆ ಮಾಡಲಿಲ್ಲ. ೧೯೧೩ರಲ್ಲಿ ನಮ್ಮ ಈ ಪುಣೆಯಲ್ಲಿಯೇ ಆರ್ಯ ಸಂಗೀತ ವಿದ್ಯಾಲಯವನ್ನು ತೆರೆದು, ಕಲಿಯಬಂದವರಿಗೆಲ್ಲ ಕಲಿಸಿದರು. ಕಚೇರಿಗಳ ಸಂಪಾದನೆಯಿಂದ ಬಡ ವಿದ್ಯಾರ್ಥಿಗಳನ್ನು ಸಲಹಿದರು. ಅದಕ್ಕೂ ಮೊದಲೇ ಕುಂದಗೋಳದ ನಾಡಿಗೇರರ ವಾಡೆಯಲ್ಲಿ ಕಾರಕೂನಿಕೆ ಮಾಡುತ್ತಿದ್ದ ಗಣೇಶರಾಯರ ಮಗ ರಾಮಭಾವು ಅವರ ಶಿಷ್ಯನಾದನು. ಏಳೆಂಟು ವರ್ಷಗಳ ಕಠಿಣ ಸಾಧನೆಯ ಬಳಿಕ ಆ ಕಾರಕೂನನ ಮಗನೇ ಸವಾಯಿ ಗಂಧರ್ವನೆನಿಸಿದನು. ಅವರ ಶಿಷ್ಯಪರಂಪರೆಯಲ್ಲಿ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಬೆಳಗಿದರು. ಕನ್ನಡ ನಾಡಿಗೆ ಖಾನಸಾಹೇಬರ ಋಣವು ಸಣ್ಣದಲ್ಲ.

ಶ್ರುತಿಯ ವಿಷಯದಲ್ಲಿ ಅವರ ಕಿವಿಯು ಪ್ರಮಾಣವೆನಿಸಿತ್ತು. ಇಪ್ಪತ್ತೆರಡು ಶ್ರುತಿಗಳನ್ನು ಅಳೆಯಲು ಹೊರಟ ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರಿಗೂ ನ್ಯಾಯಾಧೀಶ ಕ್ಲೆಮೆಂಟ್ಸ್ ಸಾಹೇಬರಿಗೂ ಅವರು ನೆರವಾದರು. ಆ ಅಭ್ಯಾಸದಿಂದ ಹುಟ್ಟಿದ ಶ್ರುತಿ ಹಾರ್ಮೋನಿಯಮ್ಮು ೧೯೧೬ರ ಬಡೋದೆಯ ಸಂಗೀತ ಪರಿಷತ್ತಿನಲ್ಲಿ ಪಂಡಿತರ ಸಮ್ಮತಿಯನ್ನು ಪಡೆಯಲಿಲ್ಲ. ತಂಬೂರಿಯ ಸ್ಥಾನವು ಅಚಲವಾಗಿ ಉಳಿಯಿತು. ಮೈಸೂರಿನ ಆಸ್ಥಾನವೂ ಖಾನಸಾಹೇಬರನ್ನು ಆದರಿಸಿತು. ದಕ್ಷಿಣದ ಸಂಗೀತವನ್ನು ಅವರು ಶ್ರದ್ಧೆಯಿಂದ ಅಭ್ಯಸಿಸಿದರು. ತ್ಯಾಗರಾಜರ ಕೃತಿಯೊಂದನ್ನು ತಟ್ಟೆಯಲ್ಲಿಯೂ ಮುದ್ರಿಸಿದರು. ಅವರ ಓಡಿಯನ್ ತಟ್ಟೆಗಳನ್ನು ಸಂಗ್ರಾಹಕರು ಜೋಪಾನ ಮಾಡಿಟ್ಟಿದ್ದಾರೆ.

ಸಂಸಾರವು ಅವರಿಗೆ ಕೊನೆಯ ತನಕ ಸುಖವೀಯಲಿಲ್ಲ. ತಾರಾಬಾಯಿಯವರು ಮಕ್ಕಳನ್ನು ಕರೆದುಕೊಂಡು ಬೇರೆಯಾದರು. ೧೯೩೭ರ ಅಕ್ಟೋಬರ ೨೭ರಂದು ಮದರಾಸಿನಿಂದ ಪಾಂಡಿಚೇರಿಗೆ ಪ್ರಯಾಣ ಮಾಡುತ್ತಿರುವಾಗ ಎದೆನೋವು ಕಾಣಿಸಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ನಿಲ್ದಾಣದಲ್ಲಿ ಇಳಿದರು. ಅಲ್ಲಿ ತಂಬೂರಿಯ ಶ್ರುತಿ ಕೂಡಿಸಿ, ದರ್ಬಾರಿ ರಾಗದಲ್ಲಿ ಪ್ರಾರ್ಥನೆಯನ್ನು ಹಾಡುತ್ತ ಕಣ್ಣು ಮುಚ್ಚಿದರೆಂದು ಪರಂಪರೆಯು ಹೇಳುತ್ತದೆ. ದೇಹವನ್ನು ಮಿರಜಿಗೆ ತಂದು, ಖ್ವಾಜಾ ಶಮನಾ ಮೀರಾ ದರ್ಗೆಯ ಆವರಣದಲ್ಲಿ ಮಣ್ಣುಮಾಡಿದರು. ಅಲ್ಲಿ ಪ್ರತಿವರ್ಷ ಅವರ ಸ್ಮರಣೆಗಾಗಿ ಗಾಯಕರು ಹಾಡುತ್ತಾರೆ.

ಮಿರಜಿನ ಸಿತಾರ, ತಂಬೂರಿಗಳಿಗೆ ೨೦೨೪ರಲ್ಲಿ ಭೌಗೋಲಿಕ ಗುರುತಿನ ಸರಕಾರಿ ಮುದ್ರೆ ದೊರೆಯಿತು. ಇದು ಸಂತೋಷದ ಸಂಗತಿ. ಆದರೆ ವಿದ್ಯುತ್ತಿನ ಪೆಟ್ಟಿಗೆಯು ಗುಂಡಿ ಒತ್ತಿದೊಡನೆ ಶ್ರುತಿ ಹಿಡಿಯುವ ಈ ದಿನಗಳಲ್ಲಿ, ಬುರುಡೆಯನ್ನು ಕೊರೆಯುವ ಕೈಗೂ ಜವಾರಿಯನ್ನು ತಿದ್ದುವ ಕಿವಿಗೂ ಕೆಲಸವು ಕಡಿಮೆಯಾಗುತ್ತಿದೆ. ಶುಕ್ರವಾರ ಪೇಠೆಯ ರಾಜಾ ಕೇಳಕರ ವಸ್ತುಸಂಗ್ರಹಾಲಯದಲ್ಲಿ ಹಳೆಯ ವಾದ್ಯಗಳನ್ನು ಗಾಜಿನ ಹಿಂದೆ ಅಂದವಾಗಿ ಇರಿಸಿದ್ದಾರೆ. ನಮ್ಮ ವಾಚಕರು ರಜೆಯ ದಿನ ಅದನ್ನು ಅವಶ್ಯವಾಗಿ ನೋಡಬೇಕು. ಆದರೆ ನೋಡುವುದಕ್ಕೆ ಒಂದು ವಾದ್ಯವಿದ್ದರೆ, ಕೇಳುವುದಕ್ಕೆ ಹತ್ತು ಇರಬೇಕು. ದಿನವೂ ಶ್ರುತಿ ಕೂಡಿಸುವ ಕೈಯೊಂದಿದ್ದರೇ ತಂಬೂರಿಯು ಬದುಕುವುದು. ಮುಂದಿನ ಕಚೇರಿಯಲ್ಲಿ ಹಾಡು ಆರಂಭವಾಗುವ ಮೊದಲು ತಂತಿಗಳನ್ನು ಕೂಡಿಸುವ ಆ ಐದು ನಿಮಿಷಗಳನ್ನು ಮಾತಿನಲ್ಲಿ ಕಳೆಯದೆ, ಕಿವಿಗೊಟ್ಟು ಆಲಿಸಬೇಕೆಂದು ವಾಚಕರಲ್ಲಿ ನಮ್ಮ ಬಿನ್ನಹ.