ಒಂದೇ ಕ್ಯಾಮೆರಾ, ನಲವತ್ತೇಳು ಚಳಿಗಾಲ

ಫೋಟೋಗ್ರಫಿ ಹುಚ್ಚು ಹತ್ತಿದವರು ನಾಲ್ಕು ಜನ ಒಂದು ಕಡೆ ಸೇರಿದರೆ ಮಾತು ಫೋಟೋದಿಂದ ಶುರುವಾಗಿ ಲೆನ್ಸಿನ ಬೆಲೆಗೆ ಬಂದು ನಿಲ್ಲುತ್ತೆ. ಫುಲ್ ಫ್ರೇಮ್ ಇದ್ದಿದ್ರೆ ಹೀಗೆ ತೆಗೀಬಹುದಿತ್ತು, ಮ್ಯಾಕ್ರೋ ಲೆನ್ಸ್ ಇದ್ದಿದ್ರೆ ಹಾಗೆ ತೆಗೀಬಹುದಿತ್ತು ಅಂತ ಒಂದು ಗುಂಪು. ಕ್ಯಾಮೆರಾದಲ್ಲಿ ಏನಿದೆ, ಎಲ್ಲಾ ಕಣ್ಣಿನಲ್ಲಿದೆ ಅಂತ ಇನ್ನೊಂದು ಗುಂಪು. ಈ ವಾದದಲ್ಲಿ ಎರಡೂ ಕಡೆಯವರಿಗೆ ಅರ್ಧರ್ಧ ಅಂಕ ಕೊಡಬಲ್ಲ ಒಬ್ಬ ಮನುಷ್ಯನ ಕಥೆಯನ್ನು ಈ ಸಲ ಹೇಳೋಣ ಅಂದುಕೊಂಡಿದ್ದೇವೆ. ಅವರು ಸ್ಟುಡಿಯೋ ಇಟ್ಟವರಲ್ಲ, ಕಾಲೇಜು ಮೆಟ್ಟಿಲು ಹತ್ತಿದವರೂ ಅಲ್ಲ. ಹಸು ಸಾಕಿಕೊಂಡಿದ್ದ ರೈತ. ಹೆಸರು ವಿಲ್ಸನ್ ಬೆಂಟ್ಲಿ. ಜಗತ್ತು ಅವರನ್ನು ಸ್ನೋಫ್ಲೇಕ್ ಬೆಂಟ್ಲಿ ಅಂತಲೇ ಕರೆಯುತ್ತೆ.

ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಜೆರಿಕೋ ಅಂತ ಒಂದು ಸಣ್ಣ ಊರು. ಅಲ್ಲಿ ವರ್ಷಕ್ಕೆ ಸುಮಾರು 120 ಇಂಚು ಹಿಮ ಬೀಳುತ್ತೆ, ಅಂದರೆ ಹತ್ತು ಅಡಿ. 1865ರ ಫೆಬ್ರವರಿ 9ರಂದು ಆ ಊರಿನ ಒಂದು ರೈತನ ಮನೆಯಲ್ಲಿ ವಿಲ್ಸನ್ ಹುಟ್ಟಿದ. ತಾಯಿ ಹಿಂದೆ ಶಾಲಾ ಶಿಕ್ಷಕಿ ಆಗಿದ್ದವರು, ಮಗನಿಗೆ ಹೆಚ್ಚಿನ ಪಾಠವೆಲ್ಲ ಮನೆಯಲ್ಲೇ. ಹುಡುಗನಿಗೆ ಹದಿನೈದು ವರ್ಷ ಆದಾಗ ಆಕೆ ತನ್ನ ಹಳೆಯ ಮೈಕ್ರೋಸ್ಕೋಪನ್ನು ಕೊಟ್ಟಳು. ಹುಡುಗ ಅದರಲ್ಲಿ ಎಲೆ, ಹೂವಿನ ಎಸಳು, ನೀರಿನ ಹನಿ ಎಲ್ಲ ನೋಡಿದ. ಕೊನೆಗೆ ಒಂದು ಹಿಮದ ಹರಳನ್ನು ನೋಡಿದ. ಅಲ್ಲಿಗೆ ಮುಗೀತು. ಜೀವನಪೂರ್ತಿ ಅವನು ಅದರಿಂದ ಕಣ್ಣು ಕೀಳಲಿಲ್ಲ.

ನಾವು ಕಂಡಿರೋದು ಆಲಿಕಲ್ಲು ಮಾತ್ರ, ಅದು ಬರೀ ಮಂಜುಗಡ್ಡೆಯ ಉಂಡೆ. ಹಿಮದ ಹರಳು ಬೇರೆಯೇ. ಕೆಲವೇ ಮಿಲಿಮೀಟರ್ ಅಗಲ, ಆರು ಕೈ, ಒಂದೊಂದು ಕೈಯಲ್ಲೂ ರಂಗೋಲಿಯಂಥ ಕವಲುಗಳು. ಹುಡುಗ ಅದನ್ನು ನೋಡಿ ನೋಡಿ ಚಿತ್ರ ಬರೆಯತೊಡಗಿದ. ಮೂರು ಚಳಿಗಾಲ ಹೀಗೇ ನಡೆಯಿತು, ನೂರಾರು ಚಿತ್ರಗಳಾದವು. ಆದರೆ ಒಂದೂ ಸರಿಯಾಗಿ ಮುಗಿಯಲಿಲ್ಲ. ಎರಡು ಕೈ ಬರೆಯುವಷ್ಟರಲ್ಲಿ ಉಳಿದ ನಾಲ್ಕು ಕರಗಿ ಹೋಗಿರುತ್ತಿದ್ದವು. ಇಲ್ಲಿ ಅವನ ಕಣ್ಣಿಗೂ ಕೊರತೆ ಇರಲಿಲ್ಲ, ತಾಳ್ಮೆಗೂ ಇರಲಿಲ್ಲ. ಪೆನ್ಸಿಲ್ಲಿನ ವೇಗ ಸಾಲದಾಗಿತ್ತು, ಅಷ್ಟೇ.

ಮೈಕ್ರೋಸ್ಕೋಪಿಗೆ ಕ್ಯಾಮೆರಾ ಜೋಡಿಸಿ ಚಿತ್ರ ತೆಗೆಯಬಹುದು ಅನ್ನೋದು ಅವನಿಗೆ ಗೊತ್ತಾಯಿತು. ಬೆಲ್ಲೋಸ್ ಕ್ಯಾಮೆರಾ, ಒಳ್ಳೆಯ ಮೈಕ್ರೋಸ್ಕೋಪ್ ಎಲ್ಲ ಸೇರಿ ಖರ್ಚು ಸುಮಾರು 100 ಡಾಲರ್. ಹಾಲು ಮಾರಿ ಬದುಕುವ ಮನೆಗೆ ಆ ಕಾಲದಲ್ಲಿ ಅದು ಸಣ್ಣ ದುಡ್ಡಲ್ಲ. ಹಿಮದ ಹಿಂದೆ ಬೀಳೋದು ಕೆಲಸವಿಲ್ಲದವರ ಕೆಲಸ ಅನ್ನೋದು ಅಪ್ಪನ ಲೆಕ್ಕ. ಆದರೂ ಹೆಂಡತಿ, ಮಗ ಇಬ್ಬರ ಒತ್ತಾಯಕ್ಕೆ ಮಣಿದು ದುಡ್ಡು ಬಿಚ್ಚಿದ. ಆ ಕ್ಯಾಮೆರಾ ಬರದೆ ಹೋಗಿದ್ದರೆ ಇವತ್ತು ನಾವು ಬೆಂಟ್ಲಿ ಹೆಸರನ್ನೇ ಕೇಳುತ್ತಿರಲಿಲ್ಲ. ಉಪಕರಣ ಮುಖ್ಯವಲ್ಲ ಅನ್ನುವವರು ಈ ಜಾಗದಲ್ಲಿ ಸ್ವಲ್ಪ ನಿಂತು ಯೋಚಿಸಬೇಕು.

ಆದರೆ ಕ್ಯಾಮೆರಾ ಮನೆಗೆ ಬಂದ ಕೂಡಲೇ ಫೋಟೋ ಬರಲಿಲ್ಲ. ಪ್ಲೇಟಿನ ಮೇಲೆ ಪ್ಲೇಟು ಹಾಳಾಯಿತು. ಹೇಳಿಕೊಡೋಕೆ ಊರಲ್ಲಿ ಯಾರೂ ಇಲ್ಲ. ಹರಳಿನ ಅಂಚು ಮಸುಕು ಮಸುಕಾಗಿ ಬರುತ್ತಿತ್ತು. ಕೊನೆಗೆ ಅವನು ಕಂಡುಕೊಂಡ ಉಪಾಯ ನಮ್ಮಲ್ಲಿ ಕ್ಯಾಮೆರಾ ಹಿಡಿದವರಿಗೆಲ್ಲ ಗೊತ್ತಿರುವಂಥದ್ದೇ: ಅಪರ್ಚರ್ ಚಿಕ್ಕದು ಮಾಡು, ಎಕ್ಸ್‌ಪೋಷರ್ ಉದ್ದ ಮಾಡು. ರಂಧ್ರ ಚಿಕ್ಕದಾದಷ್ಟೂ ಡೆಪ್ತ್ ಆಫ್ ಫೀಲ್ಡ್ ಹೆಚ್ಚುತ್ತೆ, ಹರಳಿನ ಎಲ್ಲ ಕವಲುಗಳೂ ಫೋಕಸ್ಸಿಗೆ ಬರುತ್ತವೆ. ಆದರೆ ಬೆಳಕು ಕಮ್ಮಿಯಾಗುತ್ತೆ, ಹಾಗಾಗಿ ಪ್ಲೇಟನ್ನು ಹೆಚ್ಚು ಹೊತ್ತು ತೆರೆದಿಡಬೇಕು. ಇತ್ತ ಹರಳು ಹೆಚ್ಚು ಹೊತ್ತು ಕಾಯಲ್ಲ. ಈ ಎರಡರ ನಡುವಿನ ಹದವನ್ನು ಅವನು ಯಾವ ಪುಸ್ತಕದ ಸಹಾಯವೂ ಇಲ್ಲದೆ ಹುಡುಕಿಕೊಂಡ. 1885ರ ಜನವರಿ 15ರಂದು ಮೊದಲ ಸ್ಪಷ್ಟ ಹಿಮಹರಳಿನ ಫೋಟೋ ಬಂತು. ಒಂದು ಬಿಡಿ ಹರಳನ್ನು ಹೀಗೆ ಮೈಕ್ರೋಸ್ಕೋಪಿನಲ್ಲಿ ಫೋಟೋ ತೆಗೆದವರಲ್ಲಿ ಬೆಂಟ್ಲಿಯೇ ಮೊದಲಿಗರು ಅಂತ ಹೇಳಲಾಗುತ್ತೆ. ಆಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಆ ದಿನದಿಂದ 1931ರವರೆಗೆ ಬೆಂಟ್ಲಿಯವರು ಬಳಸಿದ್ದು ಅದೇ ಕ್ಯಾಮೆರಾ. ಬೇರೆ ಕೊಳ್ಳಲಿಲ್ಲ. ಈ ಅವಧಿಯಲ್ಲಿ ಫೋಟೋಗ್ರಫಿ ಜಗತ್ತಿನಲ್ಲಿ ಏನೇನಾಯಿತು ನೋಡಿ: ರೋಲ್ ಫಿಲ್ಮ್ ಬಂತು, ಕೊಡಾಕ್ ಡಬ್ಬ ಕ್ಯಾಮೆರಾ ಮನೆಮನೆಗೆ ಹೋಯಿತು, ಅಂಗೈಯಲ್ಲಿ ಹಿಡಿಯುವ ಲೈಕಾ ಬಂತು. ಬೆಂಟ್ಲಿ ಮಾತ್ರ ಮನೆಯ ಹಿಂದಿನ ಶೆಡ್ಡಿನಲ್ಲಿ, ಒಲೆಯಿಲ್ಲದ ಚಳಿಯಲ್ಲಿ, ಅದೇ ಮರದ ಪೆಟ್ಟಿಗೆಯ ಮುಂದೆ ನಿಂತಿದ್ದರು.

ಕ್ಯಾಮೆರಾ ಹಾಗೇ ಉಳಿಯಿತು, ಸುತ್ತಲಿನ ಕೆಲಸ ಮಾತ್ರ ಚಳಿಗಾಲದಿಂದ ಚಳಿಗಾಲಕ್ಕೆ ಪಕ್ವವಾಯಿತು. ಅವರ ವಿಧಾನ ಹೀಗಿತ್ತು. ಕಪ್ಪು ಬಣ್ಣ ಬಳಿದ ಒಂದು ಹಲಗೆಯನ್ನು ಬೀಳುವ ಹಿಮಕ್ಕೆ ಒಡ್ಡುವುದು. ಕೈಯ ಬಿಸಿ ಹಲಗೆಗೆ ತಾಗದಂತೆ ಅದಕ್ಕೆ ತಂತಿಯ ಹಿಡಿ. ಶೆಡ್ಡಿಗೆ ತಂದು ಭೂತಗನ್ನಡಿಯಲ್ಲಿ ನೋಡಿ, ಒಳ್ಳೆಯ ಹರಳು ಕಂಡರೆ ತೆಳ್ಳಗಿನ ಕಡ್ಡಿಯಿಂದ ಎತ್ತಿ ಗಾಜಿನ ಸ್ಲೈಡಿನ ಮೇಲೆ ಇಡುವುದು. ಹಕ್ಕಿಯ ಗರಿಯಿಂದ ಮೆಲ್ಲಗೆ ಒತ್ತಿ ಚಪ್ಪಟೆ ಕೂರಿಸುವುದು. ಇಷ್ಟು ಹೊತ್ತೂ ಉಸಿರು ಬಿಗಿಹಿಡಿದಿರಬೇಕು, ಬಾಯಿಯ ಬಿಸಿ ತಾಗಿದರೆ ಎಲ್ಲಾ ನೀರು. ಆಮೇಲೆ ಕಿಟಕಿಯ ಬೆಳಕಿಗೆ ಕ್ಯಾಮೆರಾ ತಿರುಗಿಸಿ ಫೋಕಸ್ ಮಾಡುವುದು. ಕ್ಯಾಮೆರಾ ಎಷ್ಟು ಉದ್ದ ಇತ್ತೆಂದರೆ ಹಿಂದೆ ನಿಂತು ಚಿತ್ರ ನೋಡುವವರ ಕೈ ಮುಂದಿನ ಫೋಕಸ್ ತಿರುಪಿಗೆ ಎಟಕುತ್ತಿರಲಿಲ್ಲ. ಅದಕ್ಕೆ ಅವರು ಚಕ್ರ, ದಾರ ಕಟ್ಟಿ, ಹಿಂದಿನಿಂದಲೇ ತಿರುಗಿಸುವ ಏರ್ಪಾಡು ಮಾಡಿಕೊಂಡರು. ಮೆಕ್ಯಾನಿಕಲ್‌ನವರು ಇದನ್ನು ಗಮನಿಸಿ: ದುಡ್ಡು ಕೊಟ್ಟು ತಂದ ಸಲಕರಣೆಗಿಂತ ಹೀಗೆ ಕಟ್ಟಿಕೊಂಡ ಸಣ್ಣ ಸಣ್ಣ ಪರಿಹಾರಗಳೇ ಆ ಶೆಡ್ಡಿನಲ್ಲಿ ಹೆಚ್ಚಿದ್ದವು.

ಹಿಂದಿನಿಂದ ಬೆಳಕು ಬರುವುದರಿಂದ ಫೋಟೋದಲ್ಲಿ ಹಿನ್ನೆಲೆ ಬಿಳಿಯಾಗಿ, ಬಿಳಿ ಹರಳು ಎದ್ದು ಕಾಣುತ್ತಿರಲಿಲ್ಲ. ಬೆಂಟ್ಲಿಯವರು ನೆಗೆಟಿವ್‌ನ ಒಂದು ನಕಲು ತೆಗೆದು, ಹರಳಿನ ಸುತ್ತಲಿನ ಎಮಲ್ಷನ್ ಪದರವನ್ನು ಚಾಕುವಿನಿಂದ ಕೆರೆದು ತೆಗೆಯುತ್ತಿದ್ದರು. ಹಾಗೆ ಕೆರೆದ ಜಾಗ ಪ್ರಿಂಟಿನಲ್ಲಿ ಕಪ್ಪಾಗಿ ಬರುತ್ತೆ. ಕ್ಲಿಷ್ಟ ಅಂಚಿನ ಒಂದು ಹರಳಿಗೆ ಗಂಟೆಗಟ್ಟಲೆ ಬೇಕಾಗುತ್ತಿತ್ತು.

ಹೀಗೆ ಬದುಕಿಡೀ ತೆಗೆದದ್ದು 5,000ಕ್ಕೂ ಹೆಚ್ಚು ಫೋಟೋ. ಕೇಳೋಕೆ ದೊಡ್ಡ ಸಂಖ್ಯೆ ಅನ್ನಿಸುತ್ತೆ, ಭಾಗಿಸಿ ನೋಡಿದರೆ ಒಂದು ಚಳಿಗಾಲಕ್ಕೆ ನೂರು ಚಿಲ್ಲರೆ. ನಮ್ಮ ಫೋನು ಬರ್ಸ್ಟ್ ಮೋಡಿನಲ್ಲಿ ಅಷ್ಟನ್ನು ಕೆಲವೇ ಸೆಕೆಂಡಿನಲ್ಲಿ ಮುಗಿಸುತ್ತೆ. ಬೆಂಟ್ಲಿಯವರ ವೇಗವನ್ನು ತಡೆಯುತ್ತಿದ್ದದ್ದು ಕ್ಯಾಮೆರಾ ಅಲ್ಲ. ಹಿಮ ಬೀಳಬೇಕು, ಗಾಳಿ ಹರಳನ್ನು ಮುರಿಯಬಾರದು, ಚಳಿ ಸಾಕಷ್ಟಿರಬೇಕು, ಹಗಲಿನ ಬೆಳಕಿರಬೇಕು. ಇದೆಲ್ಲ ಕೂಡಿ ಬಂದ ಹೊತ್ತಿಗೆ ಶೆಡ್ಡಿನಲ್ಲಿ ಅವರು ಇರಬೇಕು. ನಮ್ಮ ಪಾಠದ ಭಾಷೆಯಲ್ಲಿ ಹೇಳೋದಾದರೆ ಬಾಟಲ್‌ನೆಕ್ ಜಾಗ ಬದಲಾಯಿಸಿತ್ತು. ಹದಿನೇಳರ ವಯಸ್ಸಿನಲ್ಲಿ ಅದು ಪೆನ್ಸಿಲ್ ಆಗಿತ್ತು, ಕ್ಯಾಮೆರಾ ಅದನ್ನು ತೆಗೆದುಹಾಕಿತು. ಆಮೇಲೆ ಬಾಟಲ್‌ನೆಕ್ ಇದ್ದದ್ದು ಕಾಯುವುದರಲ್ಲಿ, ಆರಿಸುವುದರಲ್ಲಿ, ಕೈ ನಡುಗದಂತೆ ಹಿಡಿಯುವುದರಲ್ಲಿ. ಅದಕ್ಕೆ ಯಾವ ಅಂಗಡಿಯಲ್ಲೂ ಲೆನ್ಸ್ ಸಿಗಲ್ಲ.

1898ರಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯದ ಪ್ರೊಫೆಸರ್ ಜಾರ್ಜ್ ಪರ್ಕಿನ್ಸ್ ಜೊತೆ ಸೇರಿ ಮೊದಲ ಲೇಖನ ಬಂತು. ಅಮೆರಿಕದ ಹವಾಮಾನ ಇಲಾಖೆಯ ಪತ್ರಿಕೆ ಅವರ ಬರಹಗಳನ್ನು ಅಚ್ಚು ಹಾಕಿತು. ಫೋಟೋ ಪ್ರಿಂಟುಗಳನ್ನು ಒಂದಕ್ಕೆ 5 ಸೆಂಟಿನಂತೆ ಮಾರುತ್ತಿದ್ದರು. ಇದರಿಂದ ಅವರು ಶ್ರೀಮಂತರೇನೂ ಆಗಲಿಲ್ಲ. ಊರಿನವರಿಗೆ ಕೊನೆವರೆಗೂ ಅವರೊಬ್ಬ ವಿಚಿತ್ರ ಮನುಷ್ಯ.

ಬೇಸಿಗೆಯಲ್ಲೂ ಸುಮ್ಮನೆ ಕೂರಲಿಲ್ಲ. ಮಳೆಹನಿ ಎಷ್ಟು ದೊಡ್ಡದಿರುತ್ತೆ ಅಂತ ಅಳೆಯಬೇಕಿತ್ತು. ಅದಕ್ಕೆ ಬೆಂಟ್ಲಿಯವರು ತಂದ ಉಪಕರಣ ಒಂದು ತಟ್ಟೆ ಹಿಟ್ಟು! ಒಂದು ಇಂಚು ದಪ್ಪಕ್ಕೆ ನುಣ್ಣಗಿನ ಹಿಟ್ಟು ಹರಡಿ ಕೆಲ ಸೆಕೆಂಡು ಮಳೆಗೆ ಹಿಡಿಯುವುದು. ಬಿದ್ದ ಹನಿ ಹಿಟ್ಟಿನಲ್ಲಿ ಸೇರಿ ಸಣ್ಣ ಉಂಡೆಯಾಗುತ್ತೆ. ಒಣಗಿದ ಮೇಲೆ ಅದನ್ನು ಅಳೆಯುವುದು. ಅಷ್ಟಕ್ಕೇ ಬಿಡಲಿಲ್ಲ. ಅಳತೆ ಗೊತ್ತಿರುವ ಹನಿಗಳನ್ನು ಹಿಟ್ಟಿಗೆ ಬೀಳಿಸಿ, ಹನಿಗೂ ಉಂಡೆಗೂ ಇರುವ ಸಂಬಂಧವನ್ನು ಮೊದಲೇ ಪರೀಕ್ಷಿಸಿ ನೋಡಿದ್ದರು. ಲ್ಯಾಬಿನಲ್ಲಿ ನಮಗೆ ಬೋರಾಗುವ ಕ್ಯಾಲಿಬ್ರೇಷನ್ ಅಂದರೆ ಇದೇ. 1904ರಲ್ಲಿ ಇದು ಪ್ರಕಟವಾಯಿತು. ನಾಲ್ಕು ದಶಕಗಳಾದ ಮೇಲೆ, 1943ರಲ್ಲಿ, ಲಾಸ್ ಮತ್ತು ಪಾರ್ಸನ್ಸ್ ಎಂಬ ಸಂಶೋಧಕರು ಮಳೆಹನಿಗಳನ್ನು ಅಳೆಯಲು ಇದೇ ಹಿಟ್ಟಿನ ವಿಧಾನವನ್ನು ಕೈಗೆತ್ತಿಕೊಂಡರು. ಅವರ ಆ ಅಳತೆಗಳು ಮಣ್ಣಿನ ಸವಕಳಿಯ ಅಧ್ಯಯನದಲ್ಲಿ ಇವತ್ತಿಗೂ ಉಲ್ಲೇಖವಾಗುತ್ತವೆ.

ಇಷ್ಟು ಹೇಳಿ ಮುಗಿಸಿದರೆ ಕಥೆ ಚೆನ್ನಾಗಿರುತ್ತೆ, ಆದರೆ ಪೂರ್ತಿ ಆಗಲ್ಲ. ಜರ್ಮನಿಯ ಬರ್ಲಿನ್‌ನಲ್ಲಿ ರಿಚರ್ಡ್ ನೊಯ್‌ಹಾಸ್ ಎಂಬ ವೈದ್ಯರಿದ್ದರು. ಮೈಕ್ರೋಸ್ಕೋಪ್ ಫೋಟೋಗ್ರಫಿಯ ಬಗ್ಗೆ ಪಠ್ಯಪುಸ್ತಕವನ್ನೇ ಬರೆದವರು. ಅವರೂ ಹಿಮದ ಹರಳುಗಳ ಫೋಟೋ ತೆಗೆದರು. ಹವಾಮಾನ ವಿಜ್ಞಾನಿ ಗುಸ್ತಾವ್ ಹೆಲ್‌ಮನ್ ಆ ಫೋಟೋಗಳನ್ನು 1893ರಲ್ಲಿ ಪುಸ್ತಕದಲ್ಲಿ ಹಾಕಿದರು. ಆ ಹರಳುಗಳು ಬೆಂಟ್ಲಿಯವರ ಹರಳುಗಳಷ್ಟು ಅಂದವಾಗಿರಲಿಲ್ಲ. ಒಂದು ಕೈ ಉದ್ದ, ಒಂದು ಕೈ ಮೋಟು, ಅಂಚು ಮುರಿದವು, ಸೊಟ್ಟಗಿದ್ದವು. ಬೆಂಟ್ಲಿ ನೆಗೆಟಿವ್ ಕೆರೆದು ಹರಳಿನ ರೂಪವನ್ನೇ ತಿದ್ದುತ್ತಾರೆ ಅಂತ ಹೆಲ್‌ಮನ್ ಆಕ್ಷೇಪ ಎತ್ತಿದರು. ತಾನು ಕೆರೆಯೋದು ಹಿನ್ನೆಲೆಯನ್ನು ಮಾತ್ರ, ಹರಳನ್ನಲ್ಲ ಅನ್ನೋದು ಬೆಂಟ್ಲಿಯವರ ನಿಲುವು.

ನಮಗೆ ಅನ್ನಿಸೋದು, ಚಾಕುವಿಗಿಂತ ದೊಡ್ಡ ಪ್ರಶ್ನೆ ಭೂತಗನ್ನಡಿಯ ಹತ್ತಿರ ಇತ್ತು. ಹಲಗೆಯ ಮೇಲೆ ಬಿದ್ದ ಎಷ್ಟೋ ಹರಳುಗಳಲ್ಲಿ ಬೆಂಟ್ಲಿಯವರು ಚೆಂದದ್ದನ್ನು, ಆರೂ ಕೈ ಸಮ ಇರುವುದನ್ನು ಹುಡುಕಿ ಆರಿಸುತ್ತಿದ್ದರು. ಉಳಿದದ್ದನ್ನು ಗರಿಯಿಂದ ಗುಡಿಸಿಬಿಡುತ್ತಿದ್ದರು. ನಿಜವಾಗಿ ಬೀಳುವ ಹಿಮದಲ್ಲಿ ಸೊಟ್ಟ ಹರಳುಗಳೇ ಹೆಚ್ಚು. ಬೆಂಟ್ಲಿಯವರ ಕಣ್ಣೇ ಅವರ ಶಕ್ತಿ, ಅದೇ ಕಣ್ಣು ಅವರ ಮಿತಿಯೂ ಆಯಿತು. ಕಣ್ಣೊಂದಿದ್ದರೆ ಸಾಕು ಅನ್ನುವ ಎರಡನೇ ಗುಂಪಿನವರು ಇದನ್ನೂ ಲೆಕ್ಕಕ್ಕೆ ತಗೋಬೇಕು.

ಮುಂದಿನ ಹೆಜ್ಜೆ ಇಟ್ಟವರು ಜಪಾನಿನ ಹೊಕ್ಕೈಡೊದ ಭೌತವಿಜ್ಞಾನಿ ಉಕಿಚಿರೊ ನಕಾಯಾ. ಬೆಂಟ್ಲಿಯವರ ಚಿತ್ರಗಳಿಂದ ಸ್ಫೂರ್ತಿ ಪಡೆದ ಅವರು ಸುಮಾರು 3,000 ಹರಳುಗಳ ಫೋಟೋ ತೆಗೆದು, ಸೊಟ್ಟದ್ದನ್ನೂ ಬಿಡದೆ ವಿಂಗಡಿಸಿದರು. 1936ರಲ್ಲಿ ಶೀತಲ ಪ್ರಯೋಗಾಲಯದಲ್ಲಿ ಮೊಲದ ಕೂದಲೊಂದರ ತುದಿಯಲ್ಲಿ ಕೃತಕ ಹಿಮಹರಳನ್ನು ಬೆಳೆಸಿದರು. ಮೈನಸ್ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕವಲೊಡೆದ ನಕ್ಷತ್ರ, ಮೈನಸ್ 5ರ ಹತ್ತಿರ ಸೂಜಿ. ಹರಳಿನ ಆಕಾರವನ್ನು ತೀರ್ಮಾನಿಸೋದು ತಾಪಮಾನ ಮತ್ತು ತೇವಾಂಶ ಅಂತ ತೋರಿಸಿದರು. ಇಲ್ಲಿ ಮತ್ತೆ ಉಪಕರಣವೇ ಗೆದ್ದಿತು. ಏಕೆಂದರೆ ಪ್ರಶ್ನೆ ಬದಲಾಗಿತ್ತು. ಹರಳು ಹೇಗೆ ಕಾಣುತ್ತೆ ಅನ್ನೋದಕ್ಕೆ ಬೆಂಟ್ಲಿಯವರ ಪೆಟ್ಟಿಗೆ ಸಾಕು. ಯಾಕೆ ಹಾಗಾಗುತ್ತೆ ಅನ್ನೋದಕ್ಕೆ ತಾಪಮಾನವನ್ನು ಹಿಡಿತದಲ್ಲಿಡುವ ಕೋಣೆಯೇ ಬೇಕು.

1924ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನ ಸಂಘ ತನ್ನ ಮೊದಲ ಸಂಶೋಧನಾ ಅನುದಾನವನ್ನು ಬೆಂಟ್ಲಿಯವರಿಗೆ ಕೊಟ್ಟಿತು. ಮೊತ್ತ 25 ಡಾಲರ್. ನಲವತ್ತು ವರ್ಷದ ಕೆಲಸಕ್ಕೆ ಅದು ಚಿಲ್ಲರೆ ಕಾಸು, ಆದರೆ ಡಿಗ್ರಿಯಿಲ್ಲದ ರೈತನಿಗೆ ವಿಜ್ಞಾನಿಗಳು ಕೊಟ್ಟ ಮನ್ನಣೆ. 1931ರ ನವೆಂಬರಿನಲ್ಲಿ, ಹವಾಮಾನ ಇಲಾಖೆಯ ವಿಲಿಯಂ ಹಂಫ್ರೀಸ್ ಜೊತೆ ಮಾಡಿದ ಪುಸ್ತಕ ಹೊರಬಂತು. ಅದರಲ್ಲಿ 2,400ಕ್ಕೂ ಹೆಚ್ಚು ಚಿತ್ರಗಳಿವೆ. ಮರುತಿಂಗಳು ಬೆಂಟ್ಲಿಯವರು ಹಿಮಮಳೆಯಲ್ಲಿ ಮೈಲುಗಟ್ಟಲೆ ನಡೆದು ಮನೆಗೆ ಬಂದರು, ನ್ಯುಮೋನಿಯಾ ಹಿಡಿಯಿತು. ಡಿಸೆಂಬರ್ 23ರಂದು, ತಾವು ಹುಟ್ಟಿದ ಅದೇ ಊರಿನಲ್ಲಿ ತೀರಿಕೊಂಡರು. ವಯಸ್ಸು 66. ಮದುವೆ ಆಗಿರಲಿಲ್ಲ.

ಹಾಗಾದರೆ ಒಳ್ಳೆಯ ಕ್ಯಾಮೆರಾ ಒಳ್ಳೆಯ ಫೋಟೋಗ್ರಾಫರನ್ನು ಮಾಡುತ್ತಾ? ಬೆಂಟ್ಲಿಯವರ ಬದುಕಿನಿಂದ ನಾವು ತೆಗೆದುಕೊಂಡ ಉತ್ತರ ಇಷ್ಟು. ನಿಮ್ಮ ಕೆಲಸವನ್ನು ಯಾವುದು ತಡೆದು ನಿಲ್ಲಿಸಿದೆ ಅಂತ ಬೆರಳಿಟ್ಟು ತೋರಿಸೋಕೆ ಬಂದರೆ, ಮತ್ತು ಅದು ಉಪಕರಣವೇ ಆಗಿದ್ದರೆ, ಸಾಲ ಮಾಡಿಯಾದರೂ ತಗೊಳ್ಳಿ. ಹುಡುಗ ಬೆಂಟ್ಲಿಯ ಬಳಿ ಆ ಉತ್ತರ ಇತ್ತು, ಅದರ ಹಿಂದೆ ಮೂರು ಚಳಿಗಾಲದ ಅರೆಬರೆ ಚಿತ್ರಗಳಿದ್ದವು. ತೋರಿಸೋಕೆ ಬರದಿದ್ದರೆ ದುಡ್ಡು ಸದ್ಯಕ್ಕೆ ಜೇಬಿನಲ್ಲೇ ಇರಲಿ, ಕೈಯಲ್ಲಿರೋ ಫೋನಿನಲ್ಲೇ ಇನ್ನೊಂದು ನೂರು ಫೋಟೋ ತೆಗೆಯಿರಿ. ಆದರೆ ಬರ್ಸ್ಟ್ ಮೋಡಿನಲ್ಲಿ ಬೇಡ, ಒಂದೊಂದಾಗಿ.

ಅಂದಹಾಗೆ, ಮೈದಾ ಹಿಟ್ಟಿಗೆ ಹೆಚ್ಚು ಖರ್ಚಿಲ್ಲ. ಈ ಮಳೆಗಾಲದಲ್ಲಿ ಹಾಸ್ಟೆಲ್ ಟೆರೇಸಿನ ಮೇಲೆ ತಟ್ಟೆ ಹಿಡಿದು ಯಾರಾದರೂ ಹನಿ ಅಳೆದರೆ, ಉಂಡೆಗಳ ಫೋಟೋ ಸಮೇತ ನಮಗೆ ಕಳಿಸಿ. ಯಾವ ಕ್ಯಾಮೆರಾದಲ್ಲಿ ತೆಗೆದದ್ದು ಅಂತ ನಾವು ಕೇಳಲ್ಲ.