ಟೋಪಿ ಮಾರುತ್ತಿದ್ದವನು ತಂದ ತೆರಿಗೆ

ಭಾರತಕ್ಕೆ ಆದಾಯ ತೆರಿಗೆ ತಂದ ಜೇಮ್ಸ್ ವಿಲ್ಸನ್ ಮೊದಲು ಟೋಪಿ ವ್ಯಾಪಾರಿಯಾಗಿದ್ದ ಎಂದರೆ ಸಹೋದ್ಯೋಗಿಗಳು ನಗುತ್ತಾರೆ. ಆದರೆ ಅದು ನಿಜ. ಚೆನ್ನೈಯಲ್ಲಿ ಪೇರೋಲ್ ಸಾಫ್ಟ್‌ವೇರ್ ಬರೆಯುವ ನನಗೆ ಈತನ ಬದುಕಿನ ಬಗ್ಗೆ ಮೊದಲಿನಿಂದಲೂ ಕುತೂಹಲ.

ವಿಲ್ಸನ್ ಹುಟ್ಟಿದ್ದು 1805ರಲ್ಲಿ, ಸ್ಕಾಟ್ಲೆಂಡಿನ ಹಾವಿಕ್‌ನಲ್ಲಿ. ತಂದೆಗೆ ಜವಳಿ ಗಿರಣಿಯಿತ್ತು. ಹದಿನಾರರ ವಯಸ್ಸಿಗೆ ಟೋಪಿ ತಯಾರಿಕೆ ಕಲಿಯಲು ಹೋದವನು ಮುಂದೆ ಲಂಡನ್ನಿನಲ್ಲಿ ಅದೇ ವ್ಯಾಪಾರ ಮಾಡಿದ. ಬಟ್ಟೆಗೆ ಬಣ್ಣ ಹಾಕುವ ನೀಲಿಯ ಬೆಲೆ ಏರುತ್ತದೆಂದು ಹಣ ಹೂಡಿ, 1837ರ ಆರ್ಥಿಕ ಕುಸಿತದಲ್ಲಿ ಗಳಿಸಿದ್ದರಲ್ಲಿ ಬಹುಪಾಲು ಕಳೆದುಕೊಂಡ. ಆದರೂ ಕೈಚೆಲ್ಲಲಿಲ್ಲ. 1843ರಲ್ಲಿ ‘ದಿ ಎಕಾನಮಿಸ್ಟ್’ ಪತ್ರಿಕೆ ಆರಂಭಿಸಿದ. 1847ರಲ್ಲಿ ಸಂಸತ್ತಿಗೆ ಆಯ್ಕೆಯಾದ. 1853ರಲ್ಲಿ ಚಾರ್ಟರ್ಡ್ ಬ್ಯಾಂಕ್ ಸ್ಥಾಪಿಸಿದ.

1857ರ ದಂಗೆಯನ್ನು ಹತ್ತಿಕ್ಕಲು ಆದ ಖರ್ಚು ಭಾರತದ ಬೊಕ್ಕಸದ ಮೇಲೆಯೇ ಬಿದ್ದಿತ್ತು. ಸಾಲದ ಹೊರೆ ಸರಿಪಡಿಸಲು 1859ರಲ್ಲಿ ವಿಲ್ಸನ್‌ನನ್ನು ಕಲ್ಕತ್ತೆಗೆ ಕಳಿಸಿದರು. ಮರುವರ್ಷ ಫೆಬ್ರುವರಿ 18ರಂದು ಆತ ಬಜೆಟ್ ಮಂಡಿಸಿದ. ವರ್ಷಕ್ಕೆ 200 ರೂಪಾಯಿವರೆಗಿನ ಆದಾಯಕ್ಕೆ ವಿನಾಯಿತಿ, 500ರವರೆಗೆ ಶೇ 2, ಅದಕ್ಕೂ ಮೇಲಿದ್ದರೆ ಶೇ 4. ಜಮೀನು, ವ್ಯಾಪಾರ, ಸಾಲಪತ್ರಗಳ ಜೊತೆ ಸಂಬಳವೂ ಪಟ್ಟಿಯಲ್ಲಿತ್ತು.

ಜೋರಾಗಿ ವಿರೋಧಿಸಿದವನು ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್. ನಮ್ಮ ಬಳ್ಳಾರಿ, ಮಂಗಳೂರು ಆಗ ಆತನ ಆಡಳಿತದಲ್ಲಿದ್ದವು. ಹೊಸ ತೆರಿಗೆ ಬೇಡ, ಖರ್ಚು ಕಡಿಮೆ ಮಾಡಿ ಎಂಬುದು ಆತನ ವಾದ. ಅದನ್ನು ಪತ್ರಿಕೆಗಳಿಗೂ ಕೊಟ್ಟಿದ್ದಕ್ಕೆ ಸರ್ಕಾರ ಆತನನ್ನು ವಾಪಸ್ ಕರೆಸಿಕೊಂಡಿತು.

ಜುಲೈ 24ರಂದು ತೆರಿಗೆ ಜಾರಿಗೆ ಬಂತು. ಕಲ್ಕತ್ತೆಯ ಬೇಸಿಗೆಯಲ್ಲೂ ತಂಪಿನ ಊರಿಗೆ ಹೋಗಲೊಪ್ಪದೆ ದುಡಿದ ವಿಲ್ಸನ್, ಆಮಶಂಕೆ ತಗುಲಿ ಆಗಸ್ಟ್ 11ರಂದು ತೀರಿಕೊಂಡ. ಆಗ ವಯಸ್ಸು 55. ಸಮಾಧಿ ಅಲ್ಲೇ ಇದೆ. ಮುಂದೆ ಟ್ರೆವೆಲಿಯನ್‌ನೇ ಹಣಕಾಸು ಸದಸ್ಯನಾಗಿ ಮರಳಿದ. 1865ರಲ್ಲಿ ಆ ತೆರಿಗೆ ನಿಂತಿತು. ಕೆಲವೇ ವರ್ಷಗಳಲ್ಲಿ ಮತ್ತೆ ಬಂತು.

ವಿಲ್ಸನ್‌ನ ಮೂರು ಹಂತದ ಲೆಕ್ಕ ಈಗ ಬಹಳ ಬೆಳೆದಿದೆ. ಕಂಪನಿ ಇಡೀ ವರ್ಷದ ಸಂಬಳವನ್ನು ಮೊದಲೇ ಅಂದಾಜು ಮಾಡುತ್ತದೆ. 2025-26ರ ಹೊಸ ಪದ್ಧತಿಯಲ್ಲಿ 18 ಲಕ್ಷ ಸಂಬಳವಿದ್ದರೆ, 75 ಸಾವಿರ ಕಳೆದು 17.25 ಲಕ್ಷಕ್ಕೆ ತೆರಿಗೆ. ಹಂತ ಹಂತವಾಗಿ ಕೂಡಿದರೆ 1,45,000 ರೂಪಾಯಿ. ಶೇ 4 ಸೆಸ್ ಸೇರಿ 1,50,800. ಹನ್ನೆರಡರಿಂದ ಭಾಗಿಸಿದರೆ ತಿಂಗಳ ಟಿಡಿಎಸ್ ಸುಮಾರು 12,567. ಪಿಎಫ್, ವೃತ್ತಿ ತೆರಿಗೆಯೂ ಹೋಗಿ ಉಳಿದದ್ದು ಕೈಗೆ. ನಡುವೆ ಬೋನಸ್ ಬಂದರೆ ಅಂದಾಜು ಬದಲಾಗಿ, ಉಳಿದ ತಿಂಗಳುಗಳ ಕಡಿತ ಏರುತ್ತದೆ.

ವಿಲ್ಸನ್ ಜಾಣ, ಶ್ರಮಜೀವಿ; ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ತಮ್ಮದೇ ಜನರನ್ನು ಹತ್ತಿಕ್ಕಿದ ಖರ್ಚನ್ನು ಭಾರತೀಯರಿಂದ ವಸೂಲು ಮಾಡುವಾಗ, ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಈಗ ಕೇಳುತ್ತಾರೆ, ಐದು ವರ್ಷಕ್ಕೊಮ್ಮೆ. ಹೆಸರು ಊರಿನ ಮತಪಟ್ಟಿಯಲ್ಲಿ, ಕೆಲಸ ಪರವೂರಿನಲ್ಲಿ ಇರುವ ನಮ್ಮಂಥವರು ಆ ದಿನಕ್ಕೂ ಒಂದು ಟಿಕೆಟ್ ಕಾದಿರಿಸಬೇಕು.